ಅಂಗಳದಲ್ಲಿ ಎತ್ತಿದ ಕೈ

ಸೋಮವಾರ, ಮಧ್ಯಾಹ್ನ

ಮುದ್ದಿನ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ಬೆನ್ನುನೋವು ಹೇಗಿದೆ? ನಿಮ್ಮಮ್ಮನ ಮಂಡಿ? ಗುಂಡನ ಕೆಮ್ಮು ಹೋಯಿತೇ? ನಾನು ಚೆನ್ನಾಗಿದ್ದೇನೆ. ಕಣ್ಣು ಸ್ವಲ್ಪ ಮಂಜು, ಅದಕ್ಕೇ ಫೋನು ಬಿಟ್ಟು ಕಾಗದ ಹಿಡಿದಿದ್ದೇನೆ.

ನಿನ್ನೆ ಬಟನ್ ಅಂಗಡಿ ಅಕ್ಕನ ಹತ್ತಿರ ಹೋಗಿದ್ದೆ. ನಿನಗೆ ಕಾಜಾ ಹೊಲಿಯಲು ಕಲಿಸಿದವಳು. ಬೆರಳು ಚುಚ್ಚಿಕೊಂಡು ನೀನು ಅತ್ತಾಗ, ಸೂಜಿಗೆ ನಿನ್ನ ಮೇಲೆ ಪ್ರೀತಿ ಕಣೇ ಎಂದು ನಗಿಸಿದವಳು. ಈಗ ಡಬ್ಬಿಗಳ ಧೂಳು ಒರೆಸುತ್ತಾ ಕೂತಿದ್ದಾಳೆ. ದರ್ಜಿಗಳೆಲ್ಲ ನಿಮ್ಮ ‘ಅಂಗಳ’ ಗುಂಪಿನಲ್ಲಿದ್ದಾರಲ್ಲ, ಅಲ್ಲಿಂದ ಹೊರಹಾಕಿದವಳ ಹತ್ತಿರ ಒಂದು ಉಂಡೆ ದಾರವನ್ನೂ ಕೊಳ್ಳಬಾರದಂತೆ.

ದೊಡ್ಡ ಜಾಲತಾಣಗಳಲ್ಲಿ ಬರೀ ಬೈಗುಳ ಅಂತ ಬೇಸತ್ತು ನೀವು ಆ ಹೊಸ ಆ್ಯಪಿನಲ್ಲಿ ಅಂಗಳ ಕಟ್ಟಿದಿರಿ. ನೀನೇ ಯಜಮಾನಿ. ನಾನೂ ಖುಷಿಯಿಂದ ಸೇರಿದೆ. ಆಮೇಲೆ ಬಂತು ನೋಡು, ಆ ಕೈ ಎತ್ತುವ ಪದ್ಧತಿ. ಯಾರ ಮೇಲಾದರೂ ದೂರು ಬಂದರೆ ಅವರನ್ನು ಹೊರಹಾಕಲು ಎಲ್ಲರೂ ಕೈಯ ಚಿತ್ರ ಒತ್ತಬೇಕು. ಒತ್ತದವರ ಮೇಲೇ ಮುಂದಿನ ದೂರು!

ಅಕ್ಕ ಮಾಡಿದ್ದಾದರೂ ಏನು? ಕಲಿಯುವ ಹುಡುಗಿಯೊಬ್ಬಳ ಸೊಟ್ಟ ಕಾಲರ್ ನೋಡಿ ಎಲ್ಲರೂ ಗೇಲಿ ಮಾಡುತ್ತಿದ್ದಾಗ, ನಮ್ಮ ಮೊದಲ ಕಾಲರೂ ನಾಯಿ ಕಿವಿ ಹಾಗೇ ಇತ್ತು, ಸಾಕು ಬಿಡ್ರೇ ಅಂದಳು. ಅಷ್ಟಕ್ಕೇ ಅವಳು ಹಳೇ ಜಾಲತಾಣದವರ ಬೇಹುಗಾರ್ತಿ ಅಂತ, ಊರಿಗೆಲ್ಲ ಬಟ್ಟೆ ಕತ್ತರಿಸಲು ಕಲಿಸುವ ನಿಮ್ಮ ಕತ್ತರಿ ಮೇಷ್ಟ್ರು ಬರೆದರು. ಸಂಜೆಯೊಳಗೆ ಎಲ್ಲರೂ ಕಣ್ಣಾರೆ ಕಂಡವರ ಹಾಗೆ ಬರೆದರು. ಕುರಿಗಾದರೂ ಹಳ್ಳಕ್ಕೆ ಬಿದ್ದ ಮೇಲೆ ನೋಯುತ್ತದೆ ಪುಟ್ಟಿ. ನಿಮಗೆ ಖುಷಿಯಾಯಿತು.

ನಿನಗೆ ನಿಜ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಅವಳು ನಿನ್ನನ್ನು ದೂರಲಿಲ್ಲ. ಪುಟ್ಟಿ ಈಗಲೂ ಕಾಜಾ ಬಿಗಿಯಾಗಿ ಹೊಲಿಯುತ್ತಾಳಾ ಎಂದಷ್ಟೇ ಕೇಳಿದಳು. ತಿಂಗಳ ಕೊನೆಗೆ ಅಂಗಡಿ ಮುಚ್ಚುತ್ತಾಳೆ. ಅಷ್ಟರೊಳಗೆ ಅವಳು ಅಂಥವಳಲ್ಲ ಎಂದು ಅಂಗಳದಲ್ಲಿ ಎಲ್ಲರೆದುರು ಹೇಳು. ನಿನ್ನನ್ನೂ ಹೊರಹಾಕಿದರೆ ಹಾಕಲಿ, ನನ್ನ ಮನೆಯಲ್ಲಿ ಇನ್ನೊಂದು ಹೊಲಿಗೆ ಮೆಷಿನ್ ಸುಮ್ಮನೆ ಕೂತಿದೆ.

ಎರಡೇ ಸಾಲಾದರೂ ಸರಿ, ಬೇಗ ಬರೆ.

ನಿನ್ನ
ದೊಡ್ಡಮ್ಮ

ಹೇಳಬಾರದು ಅಂದುಕೊಂಡಿದ್ದೆ: ನನ್ನ ಕಣ್ಣಿಗೇನೂ ಆಗಿಲ್ಲ. ಅಕ್ಕನ ಮೇಲೆ ಕೈ ಎತ್ತಲಿಲ್ಲವೆಂದು ಶುಕ್ರವಾರ ನನ್ನನ್ನೂ ಹೊರಹಾಕಿದರು. ಬಾಗಿಲು ಮುಚ್ಚುವ ಮುಂಚೆ ನನ್ನ ಮೇಲೆ ಎತ್ತಿದ ಕೈಗಳನ್ನೆಲ್ಲ ನೋಡಿದೆ. ಮೊದಲನೆಯದು ನಿನ್ನದು. ನಿನ್ನ ಫೋನಿಗೂ ನನ್ನ ಕರೆ ಹೋಗುತ್ತಿಲ್ಲ. ಓದಿದ ಮೇಲೆ ಈ ಕಾಗದ ಹರಿದುಹಾಕು. ನನ್ನ ಕಾಗದ ಬಂತೆಂದು ಅವರಿಗೆ ಗೊತ್ತಾದರೆ ನಿನ್ನ ಮೇಲೂ ಕೈ ಏಳುತ್ತದೆ.