ವಿಶ್ವಕರ್ಮ ಪೂಜೆಯಂದು ತೆರೆದ ಹೆಬ್ಬಾಗಿಲು

ಬಾಗ್‌ಬಜಾರ್, ಕೋಲ್ಕತಾ
ಸೆಪ್ಟೆಂಬರ್ ೨೦, ಭಾನುವಾರ

ಪ್ರೀತಿಯ ಹಿಮಾದ್ರಿ,

ನಮ್ಮ ಅಜ್ಜಿಯರ ಕಾಲದಲ್ಲಿ ಹೆಂಡತಿಯರು ಗಂಡನಿಗೆ ‘ಶ್ರೀಚರಣಕಮಲಗಳಿಗೆ’ ಎಂದು ಬರೆಯುತ್ತಿದ್ದರಂತೆ. ನಿನ್ನ ಚರಣಗಳನ್ನು ಜಲ್ಪಾಯಿಗುಡಿಯ ಕೆಸರಿನಲ್ಲಿ ಕಣ್ಣಾರೆ ಕಂಡವಳು ನಾನು. ಕಮಲಕ್ಕೆ ಅವಮಾನ ಮಾಡಲು ಮನಸ್ಸಾಗಲಿಲ್ಲ. ಹೊಟ್ಟೆ ಹೇಗಿದೆ? ಹುಳಿತೇಗು ನಿಂತಿತೇ, ಅಥವಾ ಕಾಲೇಜಿನ ಕ್ಯಾಂಟೀನಿನ ಈರುಳ್ಳಿ ಬಜ್ಜಿಯನ್ನು ಬೈಯುತ್ತಲೇ ಮತ್ತೆ ಅದನ್ನೇ ತಿನ್ನುತ್ತಿದ್ದೀಯಾ? ಚಳಿ ಇನ್ನೂ ಹಿಮಾಲಯದ ಆಚೆಗಿರುವಾಗಲೇ ಕಿವಿ ಮುಚ್ಚುವ ಉಣ್ಣೆ ಟೊಪ್ಪಿ ಹಾಕಿಕೊಳ್ಳುವ ನಿನ್ನ ವಂಶದ ಸಂಪ್ರದಾಯ ಈ ವರ್ಷವೂ ಆರಂಭವಾಗಿರಬೇಕು. ನಾನು ಚೆನ್ನಾಗಿದ್ದೇನೆ. ಅಂದರೆ, ಸಿಟ್ಟಿನಲ್ಲಿದ್ದೇನೆ. ಸಿಟ್ಟು ಬಂದಾಗ ನನ್ನ ಆರೋಗ್ಯ ಬಹಳ ಚೆನ್ನಾಗಿರುತ್ತದೆ ಎಂಬುದು ನಿನಗೆ ಗೊತ್ತಿದ್ದದ್ದೇ.

ಫೋನ್ ಇರುವಾಗ ಪತ್ರವೇಕೆ ಎನ್ನಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ‘ಆದ್ರೂ ಕಂಪನಿಯ ದೃಷ್ಟಿಯಿಂದ ನೋಡಿದ್ರೆ…’ ಎಂದು ಶುರು ಮಾಡುತ್ತೀಯ. ಕಂಪನಿಗೆ ದೃಷ್ಟಿ ಎಂಬುದು ಇದೆ ಎಂದು ನಂಬಿರುವ ಬಂಗಾಳದ ಕೊನೆಯ ಮನುಷ್ಯ ನೀನು. ಪತ್ರಕ್ಕೆ ನಡುವೆ ಬಾಯಿ ಹಾಕುವ ಸೌಕರ್ಯವಿಲ್ಲ. ಕೂತು, ಪೂರ್ತಿ ಓದು.

ಮದುವೆಯಾದಂದಿನಿಂದ ನೀನು ಅಲ್ಲಿ ಭೂಗೋಳ ಪಾಠ ಹೇಳುತ್ತಿದ್ದೀಯ. ನಾನು ಇಲ್ಲಿ ಡಾಲ್‌ಹೌಸಿಯ ಆಫೀಸಿನಲ್ಲಿ, ಹಡಗಿನಲ್ಲಿ ನೆನೆದು ಹಾಳಾದ ಚಹಾಕ್ಕೂ ಸೆಣಬಿಗೂ ವಿಮೆಯವರಿಂದ ಪರಿಹಾರ ಕೀಳುತ್ತಿದ್ದೇನೆ. ನಿನಗೆ ವರ್ಗಾವಣೆ ಸಿಗುವುದಿಲ್ಲ. ನನಗೆ ಕೆಲಸ ಬಿಡಲು ಮನಸ್ಸಿಲ್ಲ, ಯಾಕೆಂದರೆ ವಿಮೆಯವರ ಜೊತೆ ಜಗಳವಾಡುವುದು ನನಗೆ ನಿಜವಾಗಿಯೂ ಇಷ್ಟ. ಹೀಗಾಗಿ ನಮ್ಮ ಸಂಸಾರ ರೈಲ್ವೆ ಇಲಾಖೆಯ ಸುಪರ್ದಿಯಲ್ಲಿದೆ. ಇಂಥ ಹೊತ್ತಿನಲ್ಲಿ ನಮ್ಮ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಪ್ರದ್ಯೋತ್ ತರಫ್‌ದಾರರ ತಲೆಯಲ್ಲಿ ‘ಗೇಟ್‌ವೇ’ ಹುಟ್ಟಿತು. ‘ಅದೊಂದು ಕೆಲ್ಸ ಮಾಡ್ಲಿ ಮಂದಿರಾ, ಮೊದಲ ಅನುಮತಿ ನಿಮಗೇ. ಗಂಡನ ಮನೇಲಿ ಕೂತ್ಕೊಂಡು ವಿಮೆಯವರ ರಕ್ತ ಹೀರಿ’ ಎಂದರು. ಆ ದಿನ ನಾನು ಟ್ರಾಮಿನಲ್ಲಿ ಒಬ್ಬಳೇ ನಗುತ್ತಾ ಬಂದೆ. ಇಡೀ ಪತ್ರದಲ್ಲಿ ನನಗೆ ನಾಚಿಕೆಯಾಗುವ ಸಂಗತಿ ಇದೊಂದೇ.

ಗೇಟ್‌ವೇ ಎಂದರೆ ನಿನ್ನಂಥ ಭೂಗೋಳದವನಿಗೂ ಅರ್ಥವಾಗುವಂಥದ್ದು. ಮನೆಯಲ್ಲಿ ಕೂತು, ಆಫೀಸಿನ ಮೇಜಿನ ಮೇಲಿರುವ ನನ್ನದೇ ಕಂಪ್ಯೂಟರನ್ನು ದೂರದಿಂದ ತೆರೆದು ಕೆಲಸ ಮಾಡುವುದು. ನೇರವಾಗಿ ಒಳಗೆ ಬಿಟ್ಟರೆ ಜಗತ್ತಿನ ಕಳ್ಳರೆಲ್ಲ ನುಗ್ಗುತ್ತಾರೆ. ಆದ್ದರಿಂದ ನಡುವೆ ಒಂದು ಹೆಬ್ಬಾಗಿಲು. ಅದು ನೀನು ಯಾರು ಎಂದು ಕೇಳುತ್ತದೆ, ನಿನ್ನ ಫೋನಿಗೆ ಒಂದು ಗುಟ್ಟಿನ ಅಂಕಿ ಕಳಿಸಿ ಅದನ್ನು ಒಪ್ಪಿಸು ಎನ್ನುತ್ತದೆ, ಆಮೇಲೆ ನಿನಗೆ ಹಕ್ಕಿರುವ ಕಂಪ್ಯೂಟರಿಗೆ ಮಾತ್ರ ದಾರಿ ಬಿಡುತ್ತದೆ. ಒಳ್ಳೆಯ ವಸ್ತು. ಒಳ್ಳೆಯ ವಸ್ತುವನ್ನು ಕೆಡಿಸಲು ಬೇಕಾದ ಪ್ರತಿಭೆ ನಮ್ಮಲ್ಲಿ ಹೇರಳವಾಗಿದೆ ಎಂಬುದಷ್ಟೇ ತೊಂದರೆ.

ಆ ಬಾಗಿಲಿಗೆ, ಇದು ಅಸಲಿ ಬಾಗಿಲು ಎಂದು ಹೇಳುವ ಒಂದು ಪ್ರಮಾಣಪತ್ರ ಬೇಕಂತೆ. ಹೊರಗಿನ ಪ್ರತಿಷ್ಠಿತರಿಂದ ಪಡೆಯುವ ಬದಲು ತರಫ್‌ದಾರರು ಅದನ್ನು ಮನೆಯಲ್ಲೇ ತಯಾರಿಸಿದರು. ತಾನು ಸಜ್ಜನ ಎಂದು ತಾನೇ ಬರೆದುಕೊಂಡು ತಿರುಗುವ ವರನ ಹಾಗೆ. ಬಾಗಿಲು ತೆರೆದವರಿಗೆಲ್ಲ ‘ಇದನ್ನು ನಂಬಬೇಡಿ’ ಎಂಬ ಕೆಂಪು ಎಚ್ಚರಿಕೆ ಕಾಣತೊಡಗಿತು. ಕೂಡಲೇ ಸುತ್ತೋಲೆ ಬಂತು: ಎಚ್ಚರಿಕೆಯನ್ನು ಅಲಕ್ಷಿಸಿ ಧೈರ್ಯವಾಗಿ ಮುಂದುವರಿಯತಕ್ಕದ್ದು. ಸುರಕ್ಷತೆಗೆಂದು ಕಟ್ಟಿದ ಬಾಗಿಲಿನ ಮೊದಲ ಪಾಠವೇ ಎಚ್ಚರಿಕೆಗೆ ಕಿವುಡಾಗುವುದು! ಇನ್ನು ಆ ಗುಟ್ಟಿನ ಅಂಕಿ. ನಮ್ಮ ದೊಡ್ಡ ಅಧಿಕಾರಿಗಳು ಇಂಥ ಚಿಲ್ಲರೆ ವಿಷಯಕ್ಕೆ ತಮ್ಮ ಫೋನ್ ನಂಬರ್ ಕೊಡುತ್ತಾರೆಯೇ? ಎಲ್ಲರೂ ತಂತಮ್ಮ ಕಾರ್ಯದರ್ಶಿಗಳ ನಂಬರ್ ಕೊಟ್ಟರು. ಈಗ ಸಾಹೇಬರುಗಳ ಗುಟ್ಟುಗಳೆಲ್ಲ ಮಾಣಿಕ್‌ತಲಾದ ಮೀನು ಮಾರುಕಟ್ಟೆಯಲ್ಲಿ, ಹಿಲ್ಸಾ ಮೀನಿನ ಕಿವಿರು ನೋಡುತ್ತಿರುವ ಆ ಕಾರ್ಯದರ್ಶಿ ಹೆಂಗಸರ ಚೀಲದಲ್ಲಿ ಟಿಣ್ ಟಿಣ್ ಎನ್ನುತ್ತವೆ. ಅವರು ಅದನ್ನು ಫೋನಿನಲ್ಲಿ ಕೂಗಿ ಹೇಳುತ್ತಾರೆ, ಸಾಹೇಬರುಗಳು ಒತ್ತುತ್ತಾರೆ. ಮೀನು ಮಾರುವವನಿಗೂ ಬಾಯಿಪಾಠವಾಗಿರಬಹುದು.

ಇಷ್ಟೆಲ್ಲ ಆದಮೇಲೆ ಪ್ರದರ್ಶನದ ದಿನ ನಿಗದಿಯಾಗಬೇಕಿತ್ತು. ನಮ್ಮ ಕಂಪನಿಯ ದೊಡ್ಡ ಸಾಹೇಬರು ಮುಂಬೈಯಲ್ಲಿ ಒಂದು ಹೋಟೆಲಿನಲ್ಲಿ, ನಿರ್ದೇಶಕರ ಎದುರು ಕೂತು, ಕೋಲ್ಕತಾದ ತಮ್ಮ ಕೋಣೆಯ ಕಂಪ್ಯೂಟರನ್ನು ತೆರೆದು ತೋರಿಸುವುದು. ನಿರ್ದೇಶಕರು ತಲೆದೂಗಿದರೆ ಎಲ್ಲರಿಗೂ ಜಾರಿ. ತರಫ್‌ದಾರರು ಆರಿಸಿದ ದಿನ ಯಾವುದು ಗೊತ್ತೇ? ಊರಿನ ಯಂತ್ರಗಳನ್ನೆಲ್ಲ ಪೂಜಿಸುವ ವಿಶ್ವಕರ್ಮ ಪೂಜೆ. ಹೊರಗಿನವನು ಆರಿಸಿದ್ದರೆ ಅಜ್ಞಾನ ಎನ್ನಬಹುದಿತ್ತು. ಶ್ಯಾಮ್‌ಬಜಾರಿನಲ್ಲಿ ಹುಟ್ಟಿ, ಅಲ್ಲೇ ಈ ಹಬ್ಬದ ಗಾಳಿಪಟ ಹಾರಿಸಿ, ಅಲ್ಲೇ ತಲೆ ನೆರೆಸಿಕೊಂಡ ಮನುಷ್ಯ! ಅವರ ತರ್ಕ ಕೇಳು: ‘ಅವತ್ತು ಆಫೀಸಲ್ಲಿ ಯಾರೂ ಕೆಲ್ಸ ಮಾಡಲ್ಲ. ಜಾಲ ಪೂರಾ ಖಾಲಿ ಇರುತ್ತೆ. ವೇಗ ನೋಡಿ ನಿರ್ದೇಶಕರು ಬೆಚ್ಚಿಬೀಳ್ಬೇಕು.’ ಯಾರೂ ಯಾಕೆ ಕೆಲಸ ಮಾಡುವುದಿಲ್ಲ ಎಂಬ ಮುಂದಿನ ಮೆಟ್ಟಿಲನ್ನು ಆ ಮೆದುಳು ಹತ್ತಲಿಲ್ಲ. ಗುರುಗ್ರಾಮದಿಂದ ಕರೆಸಿದ್ದ ಸಲಹೆಗಾರ ಕುಶಾಗ್ರ ಭಸೀನ್ ‘ಬ್ರಿಲಿಯಂಟ್ ಸರ್’ ಎಂದ. ಆತನಿಗೆ ಅದಕ್ಕೇ ಸಂಬಳ.

ಮೊನ್ನೆ ಗುರುವಾರ ಬೆಳಿಗ್ಗೆಯೇ ಆಫೀಸಿನಲ್ಲಿ ಖಿಚುಡಿಯ ಘಮ. ಆನೆಯ ಮೇಲೆ ಕೂತ ವಿಶ್ವಕರ್ಮ ಲಿಫ್ಟಿನ ಪಕ್ಕ ಪ್ರತಿಷ್ಠಾಪಿತನಾಗಿದ್ದ. ಪೂಜಾ ಸಮಿತಿಯ ಅಧ್ಯಕ್ಷರು, ನಮ್ಮ ರವಾನೆ ವಿಭಾಗದ ಬಿಜನ್‌ದಾ, ರೇಷ್ಮೆ ಪಂಚೆಯುಟ್ಟು, ಸಾಲುಸಾಲಾಗಿ ಹೋಗಿ ಪ್ರತಿಯೊಂದು ಕಂಪ್ಯೂಟರನ್ನೂ ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ, ಒರೆಸಿ, ಸಿಂಧೂರ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದರು. ಆ ದಿನ ಉಪಕರಣಗಳಿಗೆ ವಿಶ್ರಾಂತಿ; ಮುಟ್ಟುವ ಹಾಗಿಲ್ಲ. ಉರಿಯುತ್ತಿದ್ದದ್ದು ಕುಶಾಗ್ರನ ಕಾವಲಿನಲ್ಲಿದ್ದ ಗೇಟ್‌ವೇ ಒಂದೇ. ಅಂದರೆ ಹೆಬ್ಬಾಗಿಲು ತೆರೆದಿತ್ತು, ದೀಪ ಬೆಳಗುತ್ತಿತ್ತು, ಒಳಗೆ ಮನೆಮಂದಿಯೆಲ್ಲ ಹಾರ ಹಾಕಿಸಿಕೊಂಡು ಮಲಗಿದ್ದರು. ತರಫ್‌ದಾರರು ಮುಂಬೈಯಲ್ಲಿ ದೊಡ್ಡ ಸಾಹೇಬರ ಪಕ್ಕ ಟೈ ಸರಿಮಾಡಿಕೊಳ್ಳುತ್ತಿದ್ದರು.

ಪ್ರಸಾದದ ಎಲೆ ಹಾಕುವ ಹೊತ್ತಿಗೆ ಕುಶಾಗ್ರನ ಫೋನ್ ಬಡಿದುಕೊಂಡಿತು. ಗಾಬರಿಯಲ್ಲಿ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಚ್ಚಿಬಿಟ್ಟ. ‘ಸಾಹೇಬ್ರು ಗೇಟ್‌ವೇ ದಾಟಿ ಒಳಗೆ ಬಂದಿದಾರೆ, ಯಂತ್ರ ಸಿಗ್ತಿಲ್ಲ ಅಂತಿದೆ. ಏನಯ್ಯಾ ಇದು?’ ಎಂದು ತರಫ್‌ದಾರರ ಪಿಸುಗುಟ್ಟುವ ಕಿರುಚಾಟ. ‘ಗೇಟ್‌ವೇ ಪರ್ಫೆಕ್ಟ್ ಆಗಿದೆ ಸರ್.’ ‘ಗೇಟ್‌ವೇಗೆ ಸಾಸಿವೆ ಹಚ್ಕೊಂಡು ತಿನ್ಲಾ? ಯಂತ್ರ ಎಲ್ಲಿ?’ ಈ ಕುಶಾಗ್ರ ಮಹಾಶಯ ಮೊದಲು ‘ಮಲಗಿದ ಯಂತ್ರವನ್ನ ದೂರದಿಂದಲೇ ಎಬ್ಬಿಸ್ತೀನಿ’ ಎಂದು ಕೊಚ್ಚಿಕೊಂಡಿದ್ದ. ಮಲಗಿದ್ದನ್ನು ಎಬ್ಬಿಸಬಹುದಪ್ಪ, ಗೋಡೆಯಿಂದಲೇ ಉಸಿರು ನಿಲ್ಲಿಸಿದ್ದನ್ನು? ಸಾಹೇಬರ ಕೋಣೆಗೆ ಓಡಿದ. ಹಿಂದೆ ನಾವೆಲ್ಲ. ಬಾಗಿಲಲ್ಲಿ ಬಿಜನ್‌ದಾ, ಕೈಯಲ್ಲಿ ಖಿಚುಡಿಯ ಸೌಟು. ‘ಪೂಜೆ ಆಗಿದೆ ಮರಿ. ಇವತ್ತು ಮುಟ್ಟಿದ್ರೆ ಯಂತ್ರಕ್ಕೂ ಒಳ್ಳೇದಲ್ಲ, ಮುಟ್ಟಿದೋರಿಗೂ ಒಳ್ಳೇದಲ್ಲ. ನಿಂಗೆ ಧೈರ್ಯ ಇದ್ರೆ ಒತ್ಕೋ, ನಾನೇನು ಕೈ ಹಿಡ್ಕೊಂಡಿದೀನಾ?’ ಎಂದು ಪಕ್ಕಕ್ಕೆ ಸರಿದು ನಿಂತರು. ಕುಶಾಗ್ರ ಕೈ ಚಾಚಿದ. ಸಿಂಧೂರ ನೋಡಿದ. ಕೈ ಹಿಂದೆಗೆದ. ‘ನಮ್ಮಮ್ಮಂಗೆ ಗೊತ್ತಾದ್ರೆ…’ ಎಂದ. ಇಂಗ್ಲಿಷಿನಲ್ಲೇ ಸೀನುವ ಹುಡುಗ, ಇಡೀ ದೇಶದ ಕಂಪನಿಗಳಿಗೆ ಆಧುನಿಕತೆ ಹಂಚುವವನು, ಒಂದು ಗುಂಡಿಯ ಮುಂದೆ ಬೆವರುತ್ತಾ ನಿಂತಿದ್ದ. ಕಿಟಕಿಯಾಚೆ ಯಾವುದೋ ತಾರಸಿಯಿಂದ ‘ಭೋಕಾಟ್ಟಾ!’ ಎಂಬ ಕೂಗು. ಯಾರದೋ ಪಟದ ದಾರ ಕತ್ತರಿಸಿತ್ತು.

ನಾನು ಅಂಥ ದೊಡ್ಡ ನಾಸ್ತಿಕಳಲ್ಲ, ಹಿಮಾದ್ರಿ. ಬೆಳಿಗ್ಗೆ ನಾನೂ ಕೈಮುಗಿದಿದ್ದೆ. ಆದರೆ ಆ ಕತ್ತಲ ಪರದೆ ನೋಡುತ್ತಾ ನಿಂತಾಗ ಕಂಡದ್ದು ಸಾಹೇಬರ ಕಂಪ್ಯೂಟರ್ ಅಲ್ಲ; ನಿನ್ನ ಮನೆಯ ಆ ಓರೆ ಮೇಜು, ಅದರ ಒಂದು ಬದಿಗೆ ನೀನು, ಇನ್ನೊಂದು ಬದಿಗೆ ನಾನು. ಮಾಲೆಯನ್ನು ಪಕ್ಕಕ್ಕೆ ಸರಿಸಿ, ಗೋಡೆಯ ಸ್ವಿಚ್ಚು ಹಾಕಿ, ಗುಂಡಿ ಒತ್ತಿಬಿಟ್ಟೆ. ‘ಅಯ್ಯೋ ತಾಯೀ’ ಎಂದರು ಬಿಜನ್‌ದಾ. ಆಮೇಲೆ ಮೆತ್ತಗೆ, ‘ಹೋಗ್ಲಿ, ನಿನ್ನ ಹೆಸರಲ್ಲಿ ಎರಡು ಹೂ ಜಾಸ್ತಿ ಹಾಕ್ತೀನಿ’ ಎಂದರು. ಮುಂಬೈಯಲ್ಲಿ ಪರದೆ ಮೂಡಿತು. ಏನು ಕಂಡಿತು? ಸಾಹೇಬರು ತಮ್ಮ ಕಂಪ್ಯೂಟರಿಗೆ ಹಾಕಿಕೊಂಡಿದ್ದ ಅವರ ನಾಯಿಯ ಚಿತ್ರ. ಸಾವಿರಾರು ಜನರ ಕಂಪನಿಯೊಂದು ಇಷ್ಟು ಬೆವರು ಸುರಿಸಿ, ದೇಶದ ಈ ತುದಿಯಿಂದ ಆ ತುದಿಗೆ ಒಂದು ನಾಯಿಯನ್ನು ತೋರಿಸಿತು. ನಿರ್ದೇಶಕರು ಚಪ್ಪಾಳೆ ತಟ್ಟಿದರಂತೆ. ತರಫ್‌ದಾರರು ತಲೆಬಾಗಿದರಂತೆ.

ಶುಕ್ರವಾರ ಅವರು ಗೆದ್ದ ಸೇನಾಪತಿಯ ಹಾಗೆ ಮರಳಿದರು. ನಾನು ನನ್ನ ಅನುಮತಿ ಕೇಳಲು ಹೋದೆ. ಕೂರಿಸಿದರು, ಚಹಾ ತರಿಸಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು. ನಮ್ಮದು ಹಳೆಯ ಕಟ್ಟಡ, ಹಳೆಯ ತಂತಿ. ಬೆಂಕಿಯ ಭಯಕ್ಕೆ ಸಂಜೆ ಎಲ್ಲ ಯಂತ್ರಗಳನ್ನೂ ಆರಿಸಲೇಬೇಕು ಎಂದು ಕಟ್ಟಡದ ಉಸ್ತುವಾರಿಯವರು ಹಟ ಹಿಡಿದಿದ್ದಾರಂತೆ. ಹಾಗಾದರೆ ಮನೆಯಲ್ಲಿ ಕೂತವರಿಗೆ ಬೆಳಿಗ್ಗೆ ಯಂತ್ರ ಹಚ್ಚಿಕೊಡುವವರು ಯಾರು? ಒಬ್ಬರು ಆಫೀಸಿನಲ್ಲೇ ಇರಬೇಕು. ‘ಇಡೀ ಆಫೀಸಲ್ಲಿ ಗುಂಡಿ ಒತ್ತೋ ಧೈರ್ಯ ಇರೋದು ನಿಮಗೊಬ್ಬರಿಗೇ ಮಂದಿರಾ. ದೊಡ್ಡ ಸಾಹೇಬ್ರೇ ನಿಮ್ಮ ಹೆಸರು ಹೇಳಿದ್ರು. ಗೇಟ್‌ವೇ ಸಂಯೋಜಕಿ! ಪ್ರತ್ಯೇಕ ಕೋಣೆ!’ ಎಂದರು. ‘ವಿಮೆಯ ಕೆಲಸ?’ ಎಂದೆ. ಅದನ್ನು ಬೇರೆಯವರು ಮನೆಯಿಂದ ನೋಡಿಕೊಳ್ಳುತ್ತಾರಂತೆ. ‘ನೀವು?’ ಎಂದೆ. ಸ್ವಲ್ಪ ನಾಚಿಕೊಂಡು, ತಾವು ಇನ್ನುಮುಂದೆ ಶಾಂತಿನಿಕೇತನದ ತೋಟದ ಮನೆಯಿಂದ ಕೆಲಸ ಮಾಡುವುದಾಗಿ ಹೇಳಿದರು. ಅಲ್ಲಿ ಈಗ ಕಾಶದ ಹುಲ್ಲು ಬೆಳ್ಳಗೆ ಹೂ ಬಿಟ್ಟಿದೆಯಂತೆ. ಎಲ್ಲರೂ ಮನೆಗೆ ಹೋಗಲೆಂದು ಕಟ್ಟಿದ ಬಾಗಿಲು. ಮನೆಗೆ ಹೋಗಬೇಕೆಂದು ಎಲ್ಲರಿಗಿಂತ ಮೊದಲು ಕೈಯೆತ್ತಿದವಳು ಅದರ ಹೊಸ್ತಿಲಲ್ಲಿ ಕೂತು ಸ್ವಿಚ್ಚು ಹಾಕಬೇಕು. ‘ಸೋಮವಾರ ಹೇಳ್ತೀನಿ’ ಎಂದು ಎದ್ದು ಬಂದೆ. ಚಹಾ ಕುಡಿಯಲಿಲ್ಲ, ಅದೊಂದು ಸಮಾಧಾನ.

ಈಗ ನೀನು ‘ಬಡ್ತಿ ಅಂತೂ ಬಡ್ತಿಯೇ’ ಎಂದು ಬರೆಯಲು ಪೆನ್ನು ತೆಗೆಯುತ್ತಿದ್ದರೆ ಅದನ್ನು ಹಾಗೇ ಜೇಬಿಗಿಡು. ಕೆಳಗಿನ ಮನೆಯ ಪಿಶಿಮಾ ಅತ್ತೆ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ದುರ್ಗಾಪೂಜೆಗೆ ಬರುವಾಗ ಆ ಕಡೆಯ ಘಮಘಮಿಸುವ ತುಲಾಯಿಪಂಜಿ ಅಕ್ಕಿ ತರಬೇಕಂತೆ, ಆಶೀರ್ವಾದದ ಬೆಲೆ ಅದು. ನಿನ್ನ ಸಹೋದ್ಯೋಗಿಗಳಿಗೆ ನನ್ನ ನಮಸ್ಕಾರ. ನಿನಗೆ ಏನು ಬೇಕೋ ಅದು.

ನಿನ್ನ,
ಮಂದಿರಾ

ತಾಜಾ ಕಲಂ: ಸೋಮವಾರ, ಪೋಸ್ಟ್ ಆಫೀಸಿನಲ್ಲಿ ನಿಂತು ಗೀಚುತ್ತಿದ್ದೇನೆ, ಅಂಟಿನ ಡಬ್ಬಿಗೆ ಹಿಂದಿನವರು ಅವಸರ ಮಾಡುತ್ತಿದ್ದಾರೆ. ತರಫ್‌ದಾರರಿಗೆ ಹೇಳಿಬಂದೆ: ಕೆಲಸ ಬಿಟ್ಟೆ, ಉಳಿದ ರಜೆಯನ್ನೆಲ್ಲ ನೋಟಿಸಿನ ಅವಧಿಗೆ ಮುರಿದುಕೊಳ್ಳಿ ಎಂದು. ‘ಗಂಡನ್ನ ಒಂದು ಮಾತು ಕೇಳಿದ್ರಾ?’ ಎಂದರು. ಕೇಳಲಿಲ್ಲ. ಕೇಳಿದ್ದರೆ ನೀನು ‘ಯೋಚಿಸಿ ನೋಡು’ ಎನ್ನುತ್ತಿದ್ದೆ, ನಾನು ಯೋಚಿಸಿಬಿಡುತ್ತಿದ್ದೆ. ಬುಧವಾರ ತೀಸ್ತಾ–ತೋರ್ಸಾ ರೈಲಿನಲ್ಲಿ ಹೊರಡುತ್ತೇನೆ. ಪತ್ರ ನನಗಿಂತ ಮೊದಲು ಬಂದರೆ ಸ್ಟೇಷನ್ನಿಗೆ ಬಾ. ನಾನೇ ಮೊದಲು ಬಂದರೆ, ಇಬ್ಬರೂ ಬಾಗಿಲಲ್ಲಿ ನಿಂತು ಪೋಸ್ಟ್‌ಮ್ಯಾನ್ ಕೈಯಿಂದ ಇದನ್ನು ಇಸಿದುಕೊಳ್ಳೋಣ.