ಪಕ್ಕದ ಟೇಬಲ್ಲಿನ ನೀರು

ಮೇ ೧೪, ರಾತ್ರಿ. ಲಾಡ್ಜಿನ ರೂಮು.

ಕಾಲು ಬಿದ್ದುಹೋಗ್ತಿದೆ, ನಿದ್ದೆ ಮಾತ್ರ ಹತ್ತಿರ ಸುಳಿಯುತ್ತಿಲ್ಲ. ಸುಸ್ತಾಗಿದ್ದು ಥೀಮ್ ಪಾರ್ಕಿನ ಆಟಗಳಿಂದಲ್ಲ, ಊಟದ ಜಾಗ ಹುಡುಕಿ ಹುಡುಕಿ. ವರ್ಷವೆಲ್ಲ ಹೋಟೆಲಲ್ಲಿ ಬಡಿಸುವವನು ನಾನು. ರಜೆಯಲ್ಲಾದರೂ ಹೆಂಡತಿ, ಮಗಳ ಜೊತೆ ಕೂತು ಉಣ್ಣೋಣ ಅಂತ ಆಸೆ. ಆದರೆ ಒಂದು ಕಡೆ ಟೇಬಲ್ ಒರೆಸುವ ಬಟ್ಟೆ ನೋಡಿ ಎದ್ದೆ. ಇನ್ನೊಂದು ಕಡೆ ಸಪ್ಲೈಯರ್ ಲೋಟದೊಳಗೆ ಬೆರಳದ್ದಿ ತಂದಿಟ್ಟ ಅಂತ ಎದ್ದೆ.

"ನೀವು ಊಟಕ್ಕೆ ಬಂದಿದ್ದೀರೋ, ತಪಾಸಣೆಗೋ?" ಅಂದಳು ಹೆಂಡತಿ. ಮಗಳ ಮುಖ ಹಸಿವಿಗೆ ಬಾಡಿತ್ತು.

ಕೊನೆಗೆ ದೋಣಿಯಾಟದ ಹಿಂದೆ ಒಂದು ಚೊಕ್ಕ ಜಾಗ ಸಿಕ್ಕಿತು. ಹಬೆಯಾಡುವ ತಟ್ಟೆಗಳು ಬಂದವು. ಇನ್ನೇನು ಮೊದಲ ತುತ್ತು ಬಾಯಿಗಿಡಬೇಕು, ಪಕ್ಕದ ಟೇಬಲ್ಲಿಂದ ಯಾರೋ, "ಏಯ್, ಇಲ್ಲಿ ನೀರು!" ಅಂದರು.

"ಬಂದೆ ಸಾರ್" ಅಂತ ಎದ್ದುಬಿಟ್ಟೆ. ಜಗ್ ಹಿಡಿದು ಅವರ ಲೋಟಕ್ಕೆ ಬಗ್ಗಿದ ಮೇಲೇ ಎಚ್ಚರವಾಗಿದ್ದು. ಅಲ್ಲಿನ ಸಪ್ಲೈಯರ್ ಬಾಯಿ ಬಿಟ್ಟುಕೊಂಡು ನಿಂತಿದ್ದ. ಹೆಂಡತಿ ಬಿದ್ದು ಬಿದ್ದು ನಕ್ಕಳು. ಮಗಳು ನಗಲಿಲ್ಲ. ತಲೆ ತಗ್ಗಿಸಿ ತಟ್ಟೆ ಕೆದಕುತ್ತಾ ಕೂತಳು. ಆಮೇಲೆ ನನ್ನ ಹತ್ತಿರ ಒಂದು ಮಾತೂ ಆಡಿಲ್ಲ. ನಾಚಿಕೆಯೋ, ಸಿಟ್ಟೋ? ಕೇಳೋಕೆ ಧೈರ್ಯ ಸಾಲದು. ಅದೇ ಕೊರೀತಿದೆ.

ನಾಳೆ ನನ್ನನ್ನ ಕುರ್ಚಿಗೆ ಕಟ್ಟಿಹಾಕಿಕೊಂಡಾದರೂ ಕೂತು...

ಈಗ ಮಂಚದ ಕಡೆಯಿಂದ ಮಗಳ ದನಿ. "ಏಯ್, ಇಲ್ಲಿ ನೀರು!" ಆಮೇಲೆ ಹೊದಿಕೆಯೊಳಗಿಂದ ಕಿಸಕ್ಕನೆ ನಗು. "ಅಪ್ಪಾ, 'ಬಂದೆ ಮೇಡಂ' ಅನ್ನು."

ಏಳಬೇಕು. ಜಗ್ ಎಲ್ಲಿಟ್ಟೆ?