ಕಾಲ್ಗುಣ

ದಾರ್ಸೈಟ್, ಮಸ್ಕತ್
28 ಸೆಪ್ಟೆಂಬರ್ 2007

ಪ್ರೀತಿಯ ಕ್ಯಾರೋಲಿನ್,

ನೀನು, ಪಿಯುಸ್ ಇಬ್ಬರೂ ಉಡುಪಿಯಲ್ಲಿ ಆರಾಮವಾಗಿದ್ದೀರೆಂದುಕೊಂಡಿದ್ದೇನೆ. ಹೋದ ತಿಂಗಳು ಇವರು ತೀರಿಕೊಂಡ ವಾರವೇ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಫೋನ್ ಮಾಡೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ಅತ್ತುಬಿಡುತ್ತೇನೆಂದು ಗೊತ್ತು.

ಅಳುವ ವಿಷಯ ಆಮೇಲೆ. ಮೊದಲು ಕ್ರಿಕೆಟ್. ಸೋಮವಾರದ ಭಾರತ-ಪಾಕಿಸ್ತಾನ ಟ್ವೆಂಟಿ-20 ವಿಶ್ವಕಪ್ ಫೈನಲ್ಲನ್ನು ನಾನು ಮೊದಲ ಚೆಂಡಿನಿಂದಲೇ ಟೀವಿ ಮುಂದೆ ಕುಳಿತು ನೋಡಿದೆ. ಹೌದು, ನಾನೇ.

2003ರ ವಿಶ್ವಕಪ್ ಫೈನಲ್ ನಿನಗೆ ನೆನಪಿದೆಯಲ್ಲ? ನಾನು ಬೋಂಡಾ ತಟ್ಟೆ ಹಿಡಿದು ಹಾಲಿಗೆ ಬರುವುದಕ್ಕೂ ಸಚಿನ್ ಔಟಾಗುವುದಕ್ಕೂ ಸರಿಹೋಯಿತು. ನನ್ನ ಕಾಲ್ಗುಣ ಸರಿಯಿಲ್ಲವೆಂದು ಇವರು ಅಂದೇ ತೀರ್ಪು ಕೊಟ್ಟರು. ಆಮೇಲೆ ಭಾರತ ಆಡುವಾಗ ಬಾಗಿಲಲ್ಲಿ ನನ್ನ ನೆರಳು ಕಂಡರೆ ಸಾಕು, ಟೀವಿಯಿಂದ ಕಣ್ಣು ಕೀಳದೆ ಅಡುಗೆಮನೆಯ ಕಡೆಗೆ ಕೈ ಬೀಸುತ್ತಿದ್ದರು. ಸಿಟ್ಟಿನಿಂದಲ್ಲ, ತುಟಿಯಲ್ಲಿ ನಗು ಇರುತ್ತಿತ್ತು. ನನಗೆ ಜೊತೆಯಾಗಲು ಪಕ್ಕದ ಫ್ಲ್ಯಾಟಿನಿಂದ ನೀನು ಬರುತ್ತಿದ್ದೆ. "ಎಂತ ಸುಶೀಲಕ್ಕ, ಅವರ ಸ್ಟಂಪ್ ನಿಮ್ಮ ಕಾಲಿಗೆ ಕಟ್ಟಿ ಉಂಟಾ?" ಎಂದು ನೀನು ಕೇಳಿದ್ದನ್ನು ನೆನೆದು ಇವರು ಎಷ್ಟು ದಿನ ನಕ್ಕರು. ನಂಬಿಕೆ ಮಾತ್ರ ಬಿಡಲಿಲ್ಲ. ಈ ಮಾರ್ಚಿನಲ್ಲಿ ನಾನು ಅಡುಗೆಮನೆ ಬಿಟ್ಟು ಕದಲದಿದ್ದರೂ ನಮ್ಮವರು ಬಾಂಗ್ಲಾದೇಶದ ಎದುರು ಸೋತರಲ್ಲ, ಆಗಲೂ "ಏನಾದ್ರೂ ಇಣುಕಿದ್ಯೇನೇ?" ಎಂದು ಕೇಳಿದರು. ಹೋಗಹೋಗುತ್ತ ನಾನೂ ಅರ್ಧ ನಂಬಿಬಿಟ್ಟಿದ್ದೆ.

ಟೆನಿಸ್‌ಗೆ ನನ್ನದೇನೂ ಅಡ್ಡಿಯಿರಲಿಲ್ಲ. "ಇದರಲ್ಲಿ ಬೀಳೋಕೆ ವಿಕೆಟ್ಟೇ ಇಲ್ಲ, ಬಾ ಕೂತ್ಕೋ" ಎಂದು ಸೋಫಾದಲ್ಲಿ ಸರಿದು ಜಾಗ ಕೊಡುತ್ತಿದ್ದರು. ಜುಲೈನಲ್ಲಿ ವಿಂಬಲ್ಡನ್ ಫೈನಲ್ ಒಟ್ಟಿಗೆ ನೋಡಿದೆವು. ಅವರು ಫೆಡರರ್ ಪಾರ್ಟಿ, ನಾನು ನಡಾಲ್ ಪಾರ್ಟಿ. ನಾಲ್ಕನೇ ಸೆಟ್ ನನ್ನ ಹುಡುಗ ಗೆದ್ದಾಗ ನಾನು ಕುಣಿಯುವುದೊಂದು ಬಾಕಿ. ಐದನೆಯದರಲ್ಲಿ ಸೋತ. ನನ್ನ ಮುಖ ನೋಡಿ ಇವರೇ ಎದ್ದುಹೋಗಿ ಕಾಫಿ ಮಾಡಿ ತಂದರು, ಸಕ್ಕರೆ ಹಾಕುವುದು ಮರೆತು. ಹಾಗೇ ಪೂರ್ತಿ ಕುಡಿದೆ. ಅಷ್ಟು ಸುಖದ ಸಂಜೆ ಮತ್ತೆ ಬರಲಿಲ್ಲ ಕ್ಯಾರೋಲಿನ್.

ಸೋಮವಾರ ಮಾತ್ರ ಏನೇ ಆಗಲಿ, ಟೀವಿ ಮುಂದಿನಿಂದ ಎದ್ದು ಹೋಗುವುದಿಲ್ಲವೆಂದು ತೀರ್ಮಾನಿಸಿದ್ದೆ. ನನ್ನ ಕಾಲಲ್ಲಿ ನಿಜವಾಗಿ ಏನಾದರೂ ಇದೆಯೋ ಇಲ್ಲವೋ ನನಗೆ ಗೊತ್ತಾಗಲೇಬೇಕಿತ್ತು. ಆದರೂ ಮೊದಲ ವಿಕೆಟ್ ಬಿದ್ದಾಗ ಎದ್ದೇಬಿಟ್ಟೆ. ಮಗ ವಿನಯ್ ಸೆರಗು ಹಿಡಿದು, "ಕೂತ್ಕೋ ಅಮ್ಮ, ನೀನೇನು ಬೌಲಿಂಗ್ ಮಾಡಿದ್ಯಾ?" ಎಂದ. ಕೆಳಗಿನ ಮನೆಯ ಯೂಸುಫ್ ಭಾಯಿ, ಪಾಪ, ಪಾಕಿಸ್ತಾನದವರಾದರೂ ಹಿಂದಿನ ರೂಢಿಯಂತೆ ನಮ್ಮಲ್ಲೇ ನೋಡಲು ಬಂದಿದ್ದರು. ನಾನು ಕೊಟ್ಟ ಖರ್ಜೂರದಲ್ಲೇ ರಂಜಾನಿನ ಉಪವಾಸ ಬಿಟ್ಟರು. ಅವರ ತಂಡಕ್ಕೆ ನಾಲ್ಕು ಚೆಂಡಿಗೆ ಆರು ರನ್ ಬೇಕಿದ್ದಾಗ ನನ್ನ ಕಾಲು ತಾನಾಗಿ ಅಡುಗೆಮನೆಯ ಕಡೆಗೆ ತಿರುಗಿತು. ಸೋಫಾ ಹಿಡಿದು ಕುಳಿತೆ. ಮಿಸ್ಬಾ ಚೆಂಡನ್ನು ಹಿಂದಕ್ಕೆ ಎತ್ತಿದ, ಶ್ರೀಶಾಂತ್ ಹಿಡಿದ. ಯೂಸುಫ್ ಭಾಯಿ ಎದ್ದು ನಿಂತು "ಮುಬಾರಕ್, ಭಾಬಿ" ಎಂದರು. ಇವರನ್ನು ನೆನೆದು, ಚಲುವರಾಜು ಭಾಯಿ ಇದ್ದಿದ್ದರೆ ಎಂದು ಶುರುಮಾಡಿ, ಮುಗಿಸಲಿಲ್ಲ.

ಪಿಯುಸ್ ಅವರ ಮಂಡಿನೋವು ಬೇಗ ವಾಸಿಯಾಗಲಿ. ದೇವರು ನಿಮ್ಮಿಬ್ಬರನ್ನೂ ತುಂಬಾ ಕಾಲ ಒಂದೇ ಸೋಫಾದಲ್ಲಿ ಕೂರಿಸಲಿ. ಅವರು ಎದ್ದು ಹೋಗು ಅಂದರೂ ನೀನು ಹೋಗಬೇಡ.

ನಿನ್ನ
ಸುಶೀಲಕ್ಕ

ತಾ.ಕ.: ಇವರ ಕೊನೆಗಳಿಗೆಯಲ್ಲಿ ಹತ್ತಿರವಿದ್ದಿರಾ ಎಂದು ನೀನು ಕೇಳಿದ್ದೆ. ಇರಲಿಲ್ಲ ಕಣೇ. ಆಸ್ಪತ್ರೆಯಲ್ಲಿ ಎದೆಬಡಿತ ತೋರಿಸುವ ಪರದೆಯನ್ನೇ ನೋಡುತ್ತ ಮಲಗಿದ್ದರು. ಮಾತಾಡಲು ಆಗುತ್ತಿರಲಿಲ್ಲ. ನಾನು ಒಳಗೆ ಕಾಲಿಟ್ಟೆ. ಪರದೆಯಿಂದ ಕಣ್ಣು ಕೀಳದೆ ಬಾಗಿಲ ಕಡೆಗೆ ಅದೇ ಥರ ಕೈ ಬೀಸಿದರು, ತುಟಿಯಲ್ಲಿ ಅದೇ ನಗು. ನನಗೂ ನಗು ಬಂತು. ಸರಿ, ವಿಕೆಟ್ ಉಳಿಯಲಿ ಎಂದು ಹೊರಗೆ ಬೆಂಚಿನ ಮೇಲೆ ಕುಳಿತೆ. ವಿನಯ್ ಬಂದು ಕರೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸೋಮವಾರ ನಾನು ಕೊನೆಯವರೆಗೂ ಕೂತೇ ಇದ್ದೆ, ನಾವು ಗೆದ್ದೆವು. ಅಂದರೆ ಅವತ್ತು ನಾನು ಒಳಗೇ ಇರಬಹುದಿತ್ತು.